ತೊಟ್ಟಿಯ ನೀರಿಗೆ ಕಟ್ಟಿಲ್ಲ

ಒಂಬತ್ತನೇ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ, ಬೆಳಿಗ್ಗೆ ಆರಕ್ಕೆ ಎಂದಿನಂತೆ ತ್ರೀ ಫೇಸ್ ಕರೆಂಟು ಬಂತು. ಊರಂಚಿನ ಹೊಲಗಳಲ್ಲಿ ಬೋರ್‌ವೆಲ್ಲಿನ ಪೈಪುಗಳಿಂದ ನೀರು ಧುಮುಕತೊಡಗಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಆ ಸದ್ದು ಕೇಳಿ, ಯಾರ ಮೋಟರು ಸೊಂಪಾಗಿದೆ, ಯಾರದು ಇನ್ನೆಂಟು ದಿನದಲ್ಲಿ ಸುಟ್ಟುಹೋಗುತ್ತದೆ ಎಂದು ಹೇಳುತ್ತಿದ್ದವನು ಗುರುಶಾಂತ. ಅವನಿಲ್ಲದೆಯೂ ನೀರು ಬಿತ್ತು. ಶಾಂಭವಿ ಎದ್ದಳು, ಬಾಗಿಲಿಗೆ ನೀರು ಹಾಕಿದಳು, ಒಲೆ ಹಚ್ಚಿದಳು. ತಾನು ಇದನ್ನೆಲ್ಲ ಮಾಡುತ್ತಿದ್ದೇನೆ ಎಂಬುದು ಅವಳಿಗೆ ಯಾರೋ ಬಂದು ಹೇಳಿದ ಸುದ್ದಿಯ ಹಾಗೆ ತಿಳಿಯುತ್ತಿತ್ತು.

ಮನೆಗೆ ಅಂಟಿಕೊಂಡೇ ಗಂಡ ಗುರುಶಾಂತನ ಮೋಟರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಏಳರ ಹೊತ್ತಿಗೆ ಅದರ ಶಟರಿನ ಮುಂದೆ ನಾಲ್ಕು ಮಂದಿ ರೈತರು ನಿಂತಿದ್ದರು. ಅವರ ಮೋಟರುಗಳು ಒಳಗೆ ಬಿಚ್ಚಿ ಬಿದ್ದಿದ್ದವು. ಹೊಲದಲ್ಲಿ ಪೈರು ಬಾಡುತ್ತಿತ್ತು. ಆದರೆ ಸಾವಾದ ಮನೆಯಲ್ಲಿ ಮೋಟರು ಕೇಳುವುದು ಹೇಗೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸುಮ್ಮನೆ ಮಾತಾಡಿಸಿ ಹೋಗಲು ಬಂದೆವು ಎಂದರು. ಅವಳು ಶಟರೆತ್ತಿ, ಗುರುತು ಹಿಡಿದು ಒಯ್ಯಿರಿ, ಹೊಸಹಳ್ಳಿಯಲ್ಲಿ ಬೇರೆ ಮೆಕ್ಯಾನಿಕ್ ಇದ್ದಾನೆ ಎಂದಳು. ಹೋಗುವಾಗ ಅವರಲ್ಲೊಬ್ಬ ತಿರುಗಿ ನಿಂತು, ಹತ್ತು ಗಂಟೆಗೆ ಊರ ಮಂದಿ ಕಟ್ಟೆಗೆ ಸೇರುತ್ತಾರೆ, ನೀವೂ ಬರಬೇಕಂತೆ ಎಂದ.

ಯಾಕೆಂದು ಅವಳಿಗೆ ಗೊತ್ತಿತ್ತು. ಊರಿಗೂ ಹೆದ್ದಾರಿಗೂ ನಡುವಿನ ಗುಡ್ಡದಲ್ಲಿ ಗಂಗಾಧರ್ ಎಂಬ ಕೊಟ್ಟೂರಿನವನ ಕಲ್ಲಿನ ಕ್ವಾರಿ, ಅದರ ಕೆಳಗೆ ಅವನ ಕ್ರಷರ್. ಬಂಡೆ ಸಿಡಿಸುವ ಮುಂಚೆ ಸೈರನ್ ಊದಿ, ರಸ್ತೆಯ ಎರಡೂ ಕಡೆ ಕೆಂಪು ಬಾವುಟ ಹಿಡಿದು ನಿಲ್ಲಬೇಕು. ಆ ದಿನ ಊದಲಿಲ್ಲ, ನಿಲ್ಲಲಿಲ್ಲ. ತಾಮ್ರದ ತಂತಿಯ ಸುರುಳಿ ತೂಗುಹಾಕಿಕೊಂಡು ಗಾಡಿಯಲ್ಲಿ ಬರುತ್ತಿದ್ದ ಗುರುಶಾಂತನ ತಲೆಗೆ ತೆಂಗಿನಕಾಯಿ ಗಾತ್ರದ ಕಲ್ಲು ಬಿತ್ತು. ಆದರೆ ಠಾಣೆಯ ಕಾಗದದಲ್ಲಿ, ಸೈರನ್ನನ್ನೂ ಬಾವುಟವನ್ನೂ ಲೆಕ್ಕಿಸದೆ ಮೃತನು ಮುಂದೆ ಹೋದನು ಎಂದು ಬರೆದಿತ್ತು. ಕೆಳಗೆ ಕ್ರಷರಿನ ಸೂಪರ್‌ವೈಸರ್ ಮತ್ತು ಇಬ್ಬರು ಆಳುಗಳ ಸಹಿ. ಸತ್ತ ಗಂಡ ತಿರುಗಿ ಬರುವುದಿಲ್ಲ ಎಂಬುದನ್ನು ಶಾಂಭವಿ ಮಣ್ಣು ಹಾಕಿದ ದಿನವೇ ಒಪ್ಪಿಕೊಂಡಿದ್ದಳು. ಆ ಒಂದು ಸಾಲನ್ನು ಮಾತ್ರ ಒಪ್ಪಲಾಗಿರಲಿಲ್ಲ. ಅವನು ಕಿವಿಯಿಂದಲೇ ಬದುಕಿದವನು. ಸೈರನ್ ಕೇಳಿಯೂ ಹೋದ ಎಂದು ಬರೆದಿದ್ದರು.

ಕಟ್ಟೆಯಲ್ಲಿ ಊರಿನ ಇಬ್ಬರು ದೊಡ್ಡವರು ಅಕ್ಕಪಕ್ಕ ಕೂತಿದ್ದರು. ಅದೇ ಒಂದು ಸುದ್ದಿ. ಶೇಂಗಾ ಮಿಲ್ಲಿನ ಉಜ್ಜಿನಪ್ಪ ಗುರುಶಾಂತನಿಗೆ ದೂರದ ಮಾವನಾಗಬೇಕು. ಯರ್ರಿಸ್ವಾಮಿ ಎಂಟುನೂರು ಕುರಿಯ ಮನೆತನದವನು, ಈಗ ಟ್ರ್ಯಾಕ್ಟರು, ಟ್ಯಾಂಕರುಗಳ ಮಾಲೀಕ. ಹತ್ತು ವರ್ಷದಿಂದ ಒಬ್ಬ ಪೂರ್ವ ಎಂದರೆ ಇನ್ನೊಬ್ಬ ಪಶ್ಚಿಮ ಎನ್ನುತ್ತಿದ್ದರು. ಒಬ್ಬ ಗುಡಿಗೆ ಬಣ್ಣ ಹೊಡೆಸಿದರೆ ಇನ್ನೊಬ್ಬ ಗುಡಿಗೆ ಗಂಟೆ ತರುತ್ತಿದ್ದ. ಮುಂದಿನ ಪಂಚಾಯ್ತಿ ಚುನಾವಣೆಗೆ ಇಬ್ಬರೂ ಈಗಿನಿಂದಲೇ ಪಂಚೆ ಇಸ್ತ್ರಿ ಮಾಡಿಸಿಟ್ಟಿದ್ದಾರೆ ಎಂದು ಜನ ನಗುತ್ತಿದ್ದರು. ಇಬ್ಬರೂ ಸೇರಿ ಈಗ ಗಂಗಾಧರನಿಗೆ ಕಟ್ಟು ಹಾಕುವುದೆಂದು ಮಾತಾಡಿಕೊಂಡಿದ್ದರು. ಕಟ್ಟು ಹಳೆಯ ಪದ್ಧತಿ. ತಪ್ಪು ಮಾಡಿ ಒಪ್ಪದವನಿಗೆ ಊರು ನೀರು, ಆಳು, ದಾರಿ ಮೂರನ್ನೂ ನಿಲ್ಲಿಸುತ್ತದೆ. ಕಲ್ಲು ಪುಡಿಮಾಡಿದ ಎಂ ಸ್ಯಾಂಡ್ ಮರಳು ತೊಳೆಯಲು ಕ್ರಷರಿಗೆ ದಿನಕ್ಕೆ ಹದಿನೈದು ಟ್ಯಾಂಕರ್ ನೀರು ಬೇಕು. ಅದು ಉಜ್ಜಿನಪ್ಪನ ಬೋರಿನಿಂದ ಬರುತ್ತಿತ್ತು. ಟಿಪ್ಪರುಗಳು ಹೆದ್ದಾರಿ ಸೇರುತ್ತಿದ್ದದ್ದೂ ಅವನ ಹೊಲದ ಮೇಲೆಯೇ.

“ಠಾಣಿಗೆ ಹೋಗಿ, ಸೈರನ್ ಊದಿಲ್ಲ ಅಂತ ಬರದುಕೊಡಾತನಕ ಹನಿ ನೀರಿಲ್ಲ,” ಎಂದ ಉಜ್ಜಿನಪ್ಪ.

“ಇವರು ಹನಿ ಅಂದ್ರು. ನಾ ತೇವಾನೂ ಕೊಡಂಗಿಲ್ಲ,” ಎಂದ ಯರ್ರಿಸ್ವಾಮಿ.

ಆಣೆ ಇಡುವಾಗ ಸಣ್ಣ ತಕರಾರು ಬಂತು. ಉಜ್ಜಿನಪ್ಪ ವಿಭೂತಿ ಮುಟ್ಟುತ್ತೇನೆ ಎಂದ, ಯರ್ರಿಸ್ವಾಮಿ ಮೈಲಾರದ ಅರಿಸಿನ ಭಂಡಾರ ಮುಟ್ಟುತ್ತೇನೆ ಎಂದ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಲಿಲ್ಲ. ಕೊನೆಗೆ ಎರಡು ತಟ್ಟೆ ತಂದು, ಒಂದೇ ಮಾತಿಗೆ ಎರಡು ಆಣೆ ಇಟ್ಟರು. ಆಗ ಕುರಿ ಕಾಯುವ ಮುದುಕನೊಬ್ಬ, ಗುಡ್ಡದ ಬುಡದಲ್ಲಿ ಯರ್ರಿಸ್ವಾಮಿಯ ಬೋರಿನ ಪಕ್ಕ ಇರುವ ತೊಟ್ಟಿಯ ಕಥೆ ಏನು ಎಂದು ಕೇಳಿದ. ಅದಕ್ಕೆ ಎಲ್ಲರ ದನ, ಕುರಿ ಬರುತ್ತವೆ, ಕ್ರಷರಿನ ಆಳುಗಳ ಆಡುಗಳೂ ಬರುತ್ತವೆ. ಹೊಲದ ತೊಟ್ಟಿಯಿಂದ ಪ್ರಾಣಿಯನ್ನು ಓಡಿಸಬಾರದು ಎಂಬುದು ಆ ಸೀಮೆಯ ಬಹಳ ಹಳೆಯ ಕಟ್ಟಳೆ. ಮಂದಿಯೆಲ್ಲ ಶಾಂಭವಿಯ ಕಡೆ ನೋಡಿದರು.

“ಬಾಯಿಲ್ಲದ ಪ್ರಾಣಿಗೆ ಕಟ್ಟು ಬ್ಯಾಡ್ರಿ. ತೊಟ್ಟಿ ನೀರು ಇರ್ಲಿ,” ಎಂದಳು.

ಊರು ತಲೆದೂಗಿತು. ಓದಿದ ಹೆಣ್ಣುಮಗಳ ಮಾತೆಂದರೆ ಹೀಗಿರಬೇಕು ಎಂದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವನು ಯರ್ರಿಸ್ವಾಮಿ.

ಮೊದಲ ಎಂಟು ದಿನ ಕಟ್ಟು ಕಬ್ಬಿಣದ ಹಾಗೆ ನಿಂತಿತು. ಕ್ರಷರಿನ ಸದ್ದು ನಿಂತದ್ದಕ್ಕೆ ಅತ್ತೆ ಅನ್ನದಾನಮ್ಮನಿಗೆ ರಾತ್ರಿ ನಿದ್ದೆ ಬರಲಿಲ್ಲ. ಮಗ ಸತ್ತ ಮೇಲೆ ಅವಳಿಗೆ ಸದ್ದೂ ಬೇಡವಾಗಿತ್ತು, ಸದ್ದಿಲ್ಲದಿದ್ದರೂ ಆಗುತ್ತಿರಲಿಲ್ಲ. ಗುಡ್ಡದ ಬದಿಯ ಬೇವಿನ ಗಿಡಗಳ ಎಲೆ ವರ್ಷಗಳ ನಂತರ ಹಸಿರು ಕಂಡಿತು. ಒಂಬತ್ತನೇ ದಿನ ಗಂಗಾಧರ ಮಧ್ಯಸ್ಥನೊಬ್ಬನ ಕೈಲಿ ಹೇಳಿಕಳಿಸಿದ. ಸೋಮವಾರ ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗುತ್ತಾನಂತೆ. ಹೇಳಿಕೆಯಲ್ಲಿ ‘ಸೈರನ್ ಕೆಟ್ಟಿತ್ತು’ ಎಂದು ಬರೆದರೆ ಸಾಕೇ, ‘ಊದಿಲ್ಲ’ ಎಂದೇ ಬರೆಯಬೇಕೇ ಎಂದು ಕೇಳಿದನಂತೆ. ಅನ್ನದಾನಮ್ಮ ಅವತ್ತು ಎರಡು ತುತ್ತು ಹೆಚ್ಚು ಉಂಡಳು. ಶಾಂಭವಿಗೆ ಎದೆಯಲ್ಲಿ ಏನೂ ಆಗಲಿಲ್ಲ. ಆದರೆ ಸೋಮವಾರಕ್ಕೆಂದು ಬಿಳಿಯ ಸೀರೆಯೊಂದನ್ನು ಒಗೆದು ಹಾಕಿದಳು.

ಸೋಮವಾರ ಗಂಗಾಧರ ಠಾಣೆಗೆ ಬರಲಿಲ್ಲ. ಅವನು ಸಂತೆಗೆ ಹೋಗಿ ನಲವತ್ತು ಕುರಿ ಕೊಂಡು ತಂದಿದ್ದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಕಲ್ಲು ಬಿಟ್ಟು ಕುರಿ ಹಿಡಿದನೇ ಎಂದು ನಕ್ಕರು. ಕ್ರಷರಿನ ಬೇಲಿಯ ಮಗ್ಗುಲಿಗೆ ಕುರಿಹಟ್ಟಿ ಎದ್ದಿತು. ಮೂರು ದಿನ ಬಿಟ್ಟು ಯರ್ರಿಸ್ವಾಮಿಯ ಬೋರಿನ ಪಕ್ಕ ಇನ್ನೊಂದು ತೊಟ್ಟಿ ಎದ್ದಿತು. ಸಿಮೆಂಟಿನದು, ಆಳೆತ್ತರದ್ದು. ಕುರಿ ಬಾಯಿ ಹಾಕಬೇಕೆಂದರೆ ಏಣಿ ಹತ್ತಬೇಕು. ಅದರ ಬುಡಕ್ಕೆ ನಾಲ್ಕಿಂಚಿನ ಪೈಪು. ಪೈಪಿನ ಇನ್ನೊಂದು ತುದಿ ಬೇಲಿಯೊಳಗೆ. ತ್ರೀ ಫೇಸ್ ಬಂದಾಗಿನಿಂದ ಹೋಗುವ ತನಕ ಬೋರು ಓಡುತ್ತಿತ್ತು. ಬೇಲಿಯೊಳಗೆ ಮರಳು ತೊಳೆಯುವ ಯಂತ್ರ ಮತ್ತೆ ತಿರುಗಿತು.

“ಅವು ಕುರಿ ಅಲ್ಲಲೇ, ಕೆರಿ,” ಎಂದು ಚಹಾದಂಗಡಿಯಲ್ಲಿ ಹುಡುಗರು ಆಡಿಕೊಂಡರು. “ದಿನಕ್ಕ ಹದಿನೈದು ಟ್ಯಾಂಕರ್ ಕುಡದು ಒಂದು ಹಿಕ್ಕಿ ಹಾಕಂಗಿಲ್ಲ.”

ಶಾಂಭವಿ ಯರ್ರಿಸ್ವಾಮಿಯ ಮನೆಗೆ ಹೋದಳು. ಅವನು ಎದ್ದು ನಿಂತು, ಹೆಂಡತಿಯ ಕೈಲಿ ನೀರು ಕೊಡಿಸಿ, ನಯವಾಗಿ ಮಾತಾಡಿದ. ಭಂಡಾರ ಮುಟ್ಟಿ ಹೇಳಿದ್ದೇನೆ, ಆಣೆ ಮುರಿದಿಲ್ಲ ಎಂದ. ಕುರಿಗೆ ನೀರು ಬಿಟ್ಟಿದ್ದೇನೆ, ಕುರಿ ಯಾರದೆಂದು ತೊಟ್ಟಿ ಕೇಳುವುದಿಲ್ಲ, ತೊಟ್ಟಿಯ ನೀರು ಇರಲಿ ಎಂದು ಹತ್ತು ಮಂದಿಯ ಮುಂದೆ ನೀವೇ ಅಂದಿರಿ ಎಂದ. ಅದು ನಿಜ. ಅವಳು ನೀರಿನ ಲೋಟ ಕೆಳಗಿಟ್ಟಳು. ಅವನು ದನಿ ತಗ್ಗಿಸಿ ಒಳಗಿನದನ್ನು ಆಡಿದ. ಉಜ್ಜಿನಪ್ಪ ಎಷ್ಟು ದಿನ ಬಿಗಿಹಿಡಿದಾನು? ಅವನು ಇವತ್ತಲ್ಲ ನಾಳೆ ಬಿಡುತ್ತಾನೆ. ಅವನು ಬಿಡುವ ಮುಂಚೆ ನಾನು ಬಿಟ್ಟರೆ ಕ್ರಷರ್ ನನ್ನ ಕೈಯಲ್ಲಿ, ಇಲ್ಲದಿದ್ದರೆ ಮೊದಲಿನಂತೆ ಅವನ ಕೈಯಲ್ಲಿ. ಹತ್ತು ವರ್ಷ ನೋಡಿದ್ದೇನೆ.

ಅಲ್ಲಿಂದ ಅವಳು ಮಿಲ್ಲಿಗೆ ಹೋದಳು. ಉಜ್ಜಿನಪ್ಪನ ಹೊಲದಲ್ಲಿ ಆಗಲೇ ಟಿಪ್ಪರ್ ಹೋದ ಹೊಸ ಗುರುತಿತ್ತು. ಬೇಲಿಯ ಮುಳ್ಳು ಸರಿಸಿ ಬದಿಗಿಟ್ಟಿದ್ದರು. ಅವನು ಮುಚ್ಚಿಡಲಿಲ್ಲ. ಶೇಂಗಾ ಸಿಪ್ಪೆಯ ರಾಶಿಯ ಪಕ್ಕ ಕುರ್ಚಿ ಹಾಕಿಸಿ ಕೂಡಿಸಿದ.

“ಅವ್ವಾ, ಗಂಗಾಧರ ನನಗ ವೈರಿ ಅಲ್ಲ. ತಪ್ಪು ಮಾಡ್ಯಾನ, ಖರೇ. ನನ್ನ ವೈರಿ ಅಂದ್ರ ಆ ಯರ್ರಿಸ್ವಾಮಿ. ನಾ ದಾರಿ ಬಂದ್ ಮಾಡಿ ಕುಂತ್ರ ಗಂಗಾಧರ ಸಾಯಂಗಿಲ್ಲ, ಅವನ ಮನಿ ಹೊಕ್ಕಂತಾನ. ಅಷ್ಟ ಆಗೋದು.”

“ನೀವಿಬ್ಬರೂ ಇನ್ನು ಎಂಟು ದಿನ ಹಿಡಿದಿದ್ರ ಅವರು ಬರದುಕೊಡ್ತಿದ್ರು, ಮಾವಾರ.”

“ಕೊಡ್ತಿದ್ದ. ನಾನೂ ಬಲ್ಲೆ. ಆದರ ಆ ಎಂಟು ದಿನ ಯರ್ರಿಸ್ವಾಮಿ ಹಿಡೀತಾನ ಅಂತ ನನಗ ನಂಬಿಕಿ ಇಲ್ಲ, ನಾ ಹಿಡೀತೀನಿ ಅಂತ ಅವನಿಗಿಲ್ಲ.”

ಆ ವಾರವೇ ಕೊಟ್ಟೂರಿನ ಕಾಲೇಜಿಗೆ ಅವಳು ಮತ್ತೆ ಹೋಗಬೇಕಾಯಿತು. ಅತಿಥಿ ಉಪನ್ಯಾಸಕಿ, ರಜೆ ಎಂದರೆ ಕೆಲಸ ಹೋದಂತೆ. ಬಳ್ಳಾರಿಯಲ್ಲಿ ಎಂ.ಎ. ಓದುವಾಗ ಅವಳು ಪ್ರಬಂಧ ಬರೆದದ್ದು ಆರ್ಥಿಕ ದಿಗ್ಬಂಧನದ ಮೇಲೆ. ತರಗತಿಯಲ್ಲಿ ಪಾಠ ನಿಂತಿದ್ದದ್ದೂ ಅದೇ ಅಧ್ಯಾಯದಲ್ಲಿ. ಕಪ್ಪುಹಲಗೆಯ ಮೇಲೆ ದೇಶಗಳ ಹೆಸರು ಬರೆದಳು. ಒಂದು ಬಣ ಎಣ್ಣೆ ಕೊಳ್ಳುವುದಿಲ್ಲ ಎಂದಾಗ ಇನ್ನೊಂದು ಬಣ ಅದೇ ಎಣ್ಣೆಯನ್ನು ಕಡಿಮೆ ಬೆಲೆಗೆ ಕೊಳ್ಳುವುದು, ಹಡಗುಗಳು ಬಾವುಟ ಬದಲಿಸಿ ಸಾಗುವುದು, ಔಷಧಿ ಮತ್ತು ಧಾನ್ಯಕ್ಕೆಂದು ಬಿಟ್ಟ ಕಿಂಡಿಯಲ್ಲಿ ಬೇರೆ ಸರಕು ನುಸುಳುವುದು, ಎಲ್ಲವನ್ನೂ ಹೇಳಿದಳು. ಮುಂದಿನ ಬೆಂಚಿನ ಭೂಮಿಕಾ ಎಂಬ ಹುಡುಗಿ ಎದ್ದು, ಶಿಕ್ಷೆ ಕೊಡುವ ದೇಶಗಳು ಅಷ್ಟು ಬಲಿಷ್ಠವಾಗಿದ್ದರೂ ಯಾಕೆ ಸೋಲುತ್ತವೆ ಮೇಡಂ ಎಂದು ಕೇಳಿದಳು. ಪ್ರಬಂಧದಲ್ಲಿ ಅದಕ್ಕೆ ಇಪ್ಪತ್ತೆರಡು ಪುಟ ಇದ್ದವು. ಶಾಂಭವಿ ಸೀಮೆಸುಣ್ಣ ಕೆಳಗಿಟ್ಟಳು. ಬಾಗಿಲು ಹಾಕುವವರು ಇಬ್ಬರಿದ್ದರೆ, ಅವರಿಗೆ ಒಳಗಿರುವವನ ಭಯಕ್ಕಿಂತ ಜೊತೆಗೆ ಬಾಗಿಲು ಹಿಡಿದವನ ಭಯ ಹೆಚ್ಚು ಎಂದಳು. ಹುಡುಗಿ ಅದನ್ನು ಬರೆದುಕೊಂಡಳು. ಪರೀಕ್ಷೆಗೆ ಬರುತ್ತದೆಯೇ ಎಂದು ಪಕ್ಕದವಳು ಕೇಳಿದಳು.

ಹೀಗೆ ನೀರು ಹೋಯಿತು, ದಾರಿ ಹೋಯಿತು. ಕಟ್ಟು ಉಳಿದದ್ದು ಆಳುಗಳ ಮೇಲೆ. ಕ್ರಷರಿನಲ್ಲಿ ಜಲ್ಲಿ ಹೊರುತ್ತಿದ್ದ ಊರಿನ ಇಪ್ಪತ್ತು ಹೆಂಗಸರು ಕೆಲಸಕ್ಕೆ ಹೋಗುವಂತಿರಲಿಲ್ಲ. ಹೋದರೆ ದಂಡ ಎಂದು ಕಟ್ಟೆಯಲ್ಲಿ ಹೇಳಿದ್ದರು. ಆ ಮಾತನ್ನು ಹಿಂತೆಗೆದುಕೊಳ್ಳಲು ದೊಡ್ಡವರಿಬ್ಬರಿಗೂ ನೆನಪಾಗಲಿಲ್ಲ. ಗಂಗಾಧರ ಹೊರಗಿನಿಂದ ಆಳು ತರಿಸಿಕೊಂಡ. ಒಂದು ಮಧ್ಯಾಹ್ನ ಆ ಹೆಂಗಸರಲ್ಲಿ ಹಿರಿಯಳಾದ ಪಂಪಮ್ಮ ಶಾಂಭವಿಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರದೆ ಮೆಟ್ಟಿಲ ಮೇಲೆ ಕೂತಳು. ಅವಳ ಕಾಲು ಧೂಳಾಗಿತ್ತು. ಹೊಸಹಳ್ಳಿಗೆ ನಾಲ್ಕು ಮೈಲಿ ನಡೆದು ಹೋಗಿ, ಕೆಲಸವಿಲ್ಲ ಎನ್ನಿಸಿಕೊಂಡು ನಾಲ್ಕು ಮೈಲಿ ನಡೆದು ಬಂದಿದ್ದಳು.

“ನಿನ್ನ ಗಂಡನ ಸಲುವಾಗಿ ಕುಂತೀವಿ ತಂಗಿ, ಬ್ಯಾಸರಿಲ್ಲ,” ಎಂದಳು. “ನಮ್ಮ ಫ್ಯಾನ್ ಸುಟ್ಟಾಗ ಸುಮ್ನ ಸುತ್ತಿಕೊಟ್ಟ ಹುಡುಗ. ಆದರ ನೀರು ಹೊಂಟೈತಿ, ಟಿಪ್ಪರ್ ಹೊಂಟಾವು. ನಮ್ಮ ಕೈ ಅಷ್ಟ ಕಟ್ಟ್ಯಾರ. ಯಾರಿಗೆ ಹಾಕಿದ ಕಟ್ಟು ಇದು, ನೀನ ಹೇಳು.”

ಶಾಂಭವಿ ಅವಳ ಪಕ್ಕದಲ್ಲಿ ಕೂತಳು. ನಾಳೆಯಿಂದ ಎಲ್ಲರೂ ಕೆಲಸಕ್ಕೆ ಹೋಗಿರಿ, ಯಾರು ಕೇಳಿದರೂ ಶಾಂಭವಿ ಹೇಳಿದಳು ಅನ್ನಿರಿ ಎಂದಳು. ಪಂಪಮ್ಮನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಆ ದಿನ ಸೈರನ್ ಊದಲಿಲ್ಲ, ನಾನು ಅಲ್ಲೇ ಪುಟ್ಟಿ ಹೊತ್ತು ನಿಂತಿದ್ದೆ ಎಂದಳು. ಠಾಣೆಗೆ ಬಂದು ಹೇಳುತ್ತೀಯಾ ಎಂದು ಶಾಂಭವಿ ಕೇಳಬೇಕೆಂದುಕೊಂಡಳು. ಧೂಳು ಹಿಡಿದ ಆ ಕಾಲನ್ನು ನೋಡಿದಳು. ಕೇಳಲಿಲ್ಲ.

ಕೆಲಸ ಮತ್ತೆ ಶುರುವಾದ ಮೇಲೆ ಕ್ವಾರಿಯಲ್ಲಿ ಸೈರನ್ ತಪ್ಪದೆ ಊದುತ್ತಿತ್ತು. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ, ಇಡೀ ಊರು ಕೇಳುವ ಹಾಗೆ. ತನಿಖೆಗೆ ಬಂದ ಅಧಿಕಾರಿ ಅದನ್ನೇ ಕಿವಿಯಾರೆ ಕೇಳಿದ. ಇಷ್ಟು ಜೋರಾಗಿ ಊದುತ್ತಾರಲ್ಲ ಎಂದು ಬರೆದುಕೊಂಡು ಹೋದ. ಎರಡು ತಿಂಗಳಿಗೆ ಕಾಗದ ಬಂತು. ಮೃತನ ಅಜಾಗರೂಕತೆಯೇ ಕಾರಣವೆಂದು ಪ್ರಕರಣ ಮುಗಿಸಲಾಗಿದೆ. ಅದೇ ಸಾಲು, ಈಗ ಕೆಳಗೆ ಮುದ್ರೆಯೊಂದಿಗೆ.

ಆಮೇಲೆ ಕಟ್ಟು ಬಿಚ್ಚುವ ಸಭೆ ನಡೆಯಿತು. ಗುರುಶಾಂತನ ಹೆಸರಿನಲ್ಲಿ ಬಸ್ ತಂಗುದಾಣ ಕಟ್ಟಿಸಿಕೊಡುತ್ತೇನೆ ಎಂದು ಗಂಗಾಧರ ಒಪ್ಪಿದ್ದ. ಅದು ಯಾರ ಜಾಗದಲ್ಲಿ ಎದ್ದೇಳಬೇಕು ಎಂಬುದಕ್ಕೆ ಉಜ್ಜಿನಪ್ಪನಿಗೂ ಯರ್ರಿಸ್ವಾಮಿಗೂ ಜಗಳ ಹತ್ತಿತು. ಮೊದಲು ಒಬ್ಬನ ಹತ್ತಿರ ಹೇಳಿದ ಬೆಲೆಗೆ ನೀರು ಕೊಳ್ಳುತ್ತಿದ್ದ ಗಂಗಾಧರನಿಗೆ ಈಗ ಇಬ್ಬರು ಪೈಪೋಟಿಯಲ್ಲಿ ಕೊಡುತ್ತಿದ್ದರು. ಕಟ್ಟಿನಿಂದ ಊರಿಗೆ ಏನಾಯಿತೋ, ಅವನಿಗಂತೂ ಲಾಭವಾಯಿತು ಎಂದು ಜನ ಅಂದರು. ಶಾಂಭವಿಗೂ ಕರೆ ಬಂದಿತ್ತು. ಅವಳು ಹೋಗಲಿಲ್ಲ. ಬೇಡ ಎಂದೂ ಹೇಳಿಕಳಿಸಲಿಲ್ಲ.

ಅಂಗಡಿಯನ್ನು ಹೊಸಹಳ್ಳಿಯ ಮೆಕ್ಯಾನಿಕ್‌ಗೆ ಬಾಡಿಗೆಗೆ ಬಿಡುವುದೆಂದಾಯಿತು. ಸಾಮಾನು ಖಾಲಿ ಮಾಡುವಾಗ, ತೊಲೆಗೆ ನೇತುಹಾಕಿದ್ದ ಚೈನ್ ಪುಲ್ಲಿಯನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು. ಭಾರದ ಮೋಟರು ಎತ್ತುವಂಥದ್ದು, ಕೊಕ್ಕೆಯ ಮೇಲೆ ಹಳದಿ ಬಣ್ಣದಲ್ಲಿ ಕ್ರಷರಿನ ಗುರುತು. ಅನ್ನದಾನಮ್ಮನಿಗೆ ಗೊತ್ತಿತ್ತು. ಸಾಯುವ ಹಿಂದಿನ ವಾರ ಗುರುಶಾಂತ ಎರಡು ದಿನಕ್ಕೆಂದು ಕೇಳಿ ತಂದಿದ್ದ.

“ಮಗನ್ನ ತಿಂದವರ ಸಾಮಾನು. ಹಾಳ ಬಾವ್ಯಾಗ ಒಗಿ ಅದನ್ನ,” ಎಂದಳು ಮುದುಕಿ.

“ಒಗದ್ರ ತಗಂಡು ಕೊಟ್ಟಿಲ್ಲ ಅಂತಾರ, ಅತ್ತಿ. ಅದು ಖರೇ ಆಗ್ತೈತಿ.”

ಅವನ ಮೇಲೆ ಒಂದು ಸುಳ್ಳಿತ್ತು. ಅದರ ಪಕ್ಕಕ್ಕೆ ಒಂದು ನಿಜವೂ ಹೋಗಿ ಕೂಡುವುದು ಅವಳಿಗೆ ಬೇಡವಾಗಿತ್ತು. ಪುಲ್ಲಿಯನ್ನು ಇಳಿಸಿ, ಸರಪಳಿಗೆ ಎಣ್ಣೆ ಸವರಿ ಒರೆಸಿ, ಗೋಣಿಚೀಲದಲ್ಲಿ ಸುತ್ತಿ, ಸ್ಕೂಟಿಯ ಕಾಲಿಡುವ ಜಾಗದಲ್ಲಿಟ್ಟುಕೊಂಡು ಹೊರಟಳು. ಸಾವಿನ ನಂತರ ಆ ಸಂಸಾರದಿಂದ ಕ್ರಷರಿನ ಕಡೆ ಯಾರೂ ಹೋಗಿರಲಿಲ್ಲ. ಊರಿನಲ್ಲಿ ಕಟ್ಟು ಉಳಿದಿದ್ದದ್ದು ಅದೊಂದು ಮನೆಯಲ್ಲಿ. ಅದನ್ನೂ ಈಗ ತಾನೇ ಮುರಿಯುತ್ತಿದ್ದೇನೆ ಎಂದು ದಾರಿಯಲ್ಲಿ ಹೊಳೆಯಿತು. ಗಾಡಿ ನಿಲ್ಲಿಸಲಿಲ್ಲ.

ಗಂಗಾಧರ ಟಿಪ್ಪರ್ ತೂಗುವ ವೇಬ್ರಿಡ್ಜಿನ ಪಕ್ಕ ಛತ್ರಿಯ ಕೆಳಗೆ ಕೂತಿದ್ದ. ಅವಳನ್ನು ಕಂಡು ಎದ್ದ. ನಲವತ್ತೈದರ ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಚೀಲ ಬಿಚ್ಚಿದಳು.

“ಅಯ್ಯ, ಇದಕ್ಕ ನೀವ್ಯಾಕ ಬಂದ್ರಿ ಮೇಡಂ. ನಾನು ಮರ್ತ ಬಿಟ್ಟಿದ್ದೆ. ಇಟ್ಗಂಡಿದ್ರ ಏನಾಗ್ತಿತ್ತು,” ಎಂದ.

“ನಿಮ್ಮ ಸೂಪರ್‌ವೈಸರ್ನ ಕರೀರಿ. ಸಹಿ ಹಾಕಿದ ಇನ್ನಿಬ್ಬರನ್ನೂ ಕರೀರಿ. ಅವರ ಮುಂದ ಇದು ಮುಟ್ಟೇತಿ ಅನ್ರಿ.”

ಅವನು ಕೈ ತಟ್ಟಿ ಕರೆದ. ಮೂವರೂ ಬಂದು ನಿಂತರು. ಯಾರೂ ತಲೆ ಎತ್ತಲಿಲ್ಲ. ಜಲ್ಲಿಯ ರಾಶಿಯ ಹತ್ತಿರ ಪಂಪಮ್ಮ ಪುಟ್ಟಿ ಇಳಿಸದೆ ನಿಂತು ನೋಡುತ್ತಿದ್ದಳು.

“ನೋಡ್ರಪಾ, ಗುರುಶಾಂತ ನಮ್ಮ ಹತ್ರ ಕೇಳಿ ಒಯ್ದಿದ್ದ. ಎರಡು ದಿನ ಅಂದಿದ್ದ. ಇವತ್ತು ಮುಟ್ಟೇತಿ. ಅವನ ಕಡಿಂದ ಏನೂ ಬಾಕಿ ಇಲ್ಲ.”

ಎಲ್ಲೂ ತಡವರಿಸದೆ, ಒಂದೇ ಉಸಿರಿಗೆ ಹೇಳಿದ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಶಾಂಭವಿ ಹಾಗೆಯೇ ನಿಂತಳು. ಅದರ ಹಿಂದೆ ಸೈರನ್ನಿನ ಮಾತೂ ಬರುವುದಾದರೆ ಬರಲಿ ಎಂದು, ಒಂದು ಟಿಪ್ಪರ್ ತೂಗಿಸಿಕೊಂಡು ಹೋಗುವಷ್ಟು ಹೊತ್ತು ಕಾದಳು. ಗಂಗಾಧರ ಬಾಯಿ ತೆರೆದ. ಸೂಪರ್‌ವೈಸರ್ ಅವನ ಕಡೆ ನೋಡಿದ. ಬಿಸಿಲು ಜಾಸ್ತಿ ಐತಿ, ಮಜ್ಜಿಗಿ ತರಿಸಲೇನ್ರಿ ಎಂದ ಗಂಗಾಧರ.

ಅವಳು ಬೇಡವೆಂದು ತಲೆಯಾಡಿಸಿದಳು. ಪುಲ್ಲಿಯ ಕೆಳಗಿನಿಂದ ಗೋಣಿಚೀಲ ಎಳೆದುಕೊಂಡಳು. ಅದು ಮನೆಯದು. ಎರಡು ಸಲ ಕೊಡವಿ, ಮಡಿಸಿ, ಗಾಡಿಯ ಮೇಲಿಟ್ಟುಕೊಂಡಳು.